ಬಾಣ ಸಡಿಲ ಅದಾವ ಅಂದಿದ್ದಿ

ಗಂಗಾವತಿ
ಭಾನುವಾರ ರಾತ್ರಿ

ಚಿರಂಜೀವಿ ಮಗಳಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಕ್ಷೇಮಕ್ಕೆ ಬರೆಯುತ್ತಿರು.

ನೀನು ಊರು ಬಿಟ್ಟು ಪರದೇಶಕ್ಕೆ ನರ್ಸ್ ಕೆಲಸಕ್ಕೆ ಹೋಗಿ ಎರಡು ತಿಂಗಳು ಹದಿನಾಲ್ಕು ದಿನ ಆಯಿತು. ಸ್ಟೇಷನ್ನಿನಲ್ಲಿ ಆದದ್ದನ್ನು ಇಲ್ಲಿ ಬರೆಯುವುದಿಲ್ಲ, ಇಬ್ಬರಿಗೂ ನೆನಪಿದೆ. ಅಷ್ಟು ದಿನ ನಿಮ್ಮವ್ವನ ಜೊತೆ ಮಾತ್ರ ಮಾತಾಡುತ್ತಿದ್ದವಳು ಬುಧವಾರ ನನ್ನ ಫೋನಿಗೆ ಮೂರು ಫೋಟೊ ಹಾಕಿ, "ಅಪ್ಪಾ, ಬಿಲ್ಲಿಗೇ ಕೂರಿಸೋ ಬತ್ತಳಿಕಿ ತಗೋಬೇಕು, ಇದರಾಗ ಯಾವುದು ಚಲೋ?" ಅಂತ ಕೇಳಿದಿ. ಆಗ ನನ್ನ ಮುಂದೆ ಒಂದು ಹಾರ್ವೆಸ್ಟರ್ ಸೀಟು ಬಿಚ್ಚಿ ಬಿದ್ದಿತ್ತು, ಡ್ರೈವರ್ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದ. ಮೆಷಿನ್ ನಿಲ್ಲಿಸಿ ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತೆ. ಫೋನಿನಲ್ಲಿ ಹೇಳಲು ಹೋದರೆ ನನ್ನ ದನಿ ಏರುತ್ತದೆ, ನಿನ್ನದೂ ಏರುತ್ತದೆ. ಅದಕ್ಕೇ ಈ ಕಾಗದ. ಜೊತೆಗೆ ಒಂದು ಸಣ್ಣ ಪಾರ್ಸಲ್ ಇದೆ, ಅದರ ಮಾತು ಕೊನೆಗೆ.

ಮೂರನೆಯದನ್ನು ತಗೋ.

ಕಾರಣ ಹೇಳದೆ ನೀನು ಒಪ್ಪುವವಳಲ್ಲ. ನಿನ್ನದು ಬಿಚ್ಚಿ ಜೋಡಿಸುವ ಬಿಲ್ಲು. ನಡುವಿನ ಹಿಡಿ ಗಟ್ಟಿಮರದ್ದು, ಅದು ಬಾಗುವುದಿಲ್ಲ. ಬಾಗುವ ಎರಡು ರೆಕ್ಕೆ, ಲಿಂಬು ಅನ್ನುತ್ತಾರಲ್ಲ, ಮೇಲೊಂದು ಕೆಳಗೊಂದು ಬೋಲ್ಟಿನಲ್ಲಿ ಕೂರುತ್ತವೆ. ಮೂರನೆಯ ಫೋಟೊದ ಬತ್ತಳಿಕೆಗೆ ಆ ಬೋಲ್ಟುಗಳ ತಲೆಯ ಕೆಳಗೆ ಕೂರುವ ಎರಡು ತಗಡುಗಳಿವೆ. ಬಾಣದ ಮೊನೆ ಮುಚ್ಚುವ ಟೊಪ್ಪಿಗೆ, ಕಡ್ಡಿ ಕಚ್ಚಿ ಹಿಡಿಯುವ ರಬ್ಬರು, ಎರಡೂ ಒಂದೇ ಸರಳಿಗೆ ಜೋಡಿಸಿವೆ. ಒಂದು ಅಲ್ಲಾಡದೆ ಇನ್ನೊಂದು ಅಲ್ಲಾಡುವ ಹಾಗಿಲ್ಲ. ಎರಡನೆಯದು ಸ್ಪ್ರಿಂಗಿನಂಥ ತೋಳಿನದು, ತೋಳು ಅಗಲಿಸಿ ಲಿಂಬಿಗೆ ಸಿಕ್ಕಿಸುವುದು. ಹಾಕುವುದು ತೆಗೆಯುವುದು ಸಲೀಸು, ಆದರೆ ಲಿಂಬಿನ ಅಗಲಕ್ಕೆ ಸರಿಯಾದ ಅಳತೆಯೇ ಬೇಕು. ಫೋಟೊ ನೋಡಿ ತರಿಸುವಂಥದ್ದಲ್ಲ.

ಮೊದಲನೆಯದು ಎರಡು ಬಿಡಿ ತುಂಡಿನದು. ಮೇಲಿನ ಲಿಂಬಿಗೆ ತೊಗಲಿನ ಟೊಪ್ಪಿಗೆ, ಕೆಳಗಿನ ಲಿಂಬಿಗೆ ರಬ್ಬರು, ಎರಡಕ್ಕೂ ಬೇರೆ ಬೇರೆ ಪಟ್ಟಿ. ಕೆಟ್ಟ ವಸ್ತು ಅಂತ ಹೇಳಲಾರೆ. ಹಗುರ ಇರುತ್ತದೆ, ಸದ್ದು ಕಡಿಮೆ. ಉದ್ದಕ್ಕೂ ಒಂದೇ ತುಂಡಾದ ಬಿಲ್ಲು ಎಳೆದಾಗ ಎರಡು ಕಟ್ಟುಗಳ ನಡುವಿನ ಅಂತರ ಬದಲಾಗುತ್ತದೆ, ಅಂಥದಕ್ಕೆ ಬಿಡಿ ತುಂಡಿನದು ಚೆನ್ನಾಗಿ ಹೊಂದುತ್ತದೆ. ಆದರೂ ನಿನಗೆ ಬೇಡ. ಅದು ನಾನು ಮಾಡಿಕೊಟ್ಟದ್ದರ ಹಾಗೇ ಇದೆ. ಅದನ್ನೇ ಮೊದಲು ಯಾಕೆ ಕಳಿಸಿದಿ ಅಂತ ನಾಲ್ಕು ದಿನದಿಂದ ಯೋಚನೆ ಮಾಡುತ್ತಿದ್ದೇನೆ. ಅಪ್ಪನಿಗೆ ಸಮಾಧಾನ ಆಗಲಿ ಅಂತಲೋ, ಅಪ್ಪನ ಬಾಯಿಂದ ಆ ಮಾತು ಬರಲಿ ಅಂತಲೋ.

ಬರಲಿ. ಇವತ್ತು ಬರೆದೇ ಬಿಡುತ್ತೇನೆ.

ಆನೆಗೊಂದಿಯ ಆಚೆ, ಗದ್ದೆ ಮುಗಿದು ಗುಂಡುಕಲ್ಲು ಶುರುವಾಗುವ ಜಾಗ. ಹುಲ್ಲಿನ ಪೆಂಡಿ ಕಟ್ಟಿ ಕೆಳಗೆ ನಿಲ್ಲಿಸಿದ್ದೆವು. ಬಂಡೆಯ ಮೇಲಿಂದ ಕೆಳಕ್ಕೆ ಹೊಡೆಯುವುದನ್ನು ಕಲಿಯಬೇಕು ಅಂದಿದ್ದಿ. ಬೆಳಗಿನ ಒಂಬತ್ತಕ್ಕೇ ಕಲ್ಲು ಕಾದು ಚಪ್ಪಲಿ ಅಂಟುತ್ತಿತ್ತು. ನೀನು ಎರಡು ಬಾಣ ಬಿಟ್ಟಿ, ಎರಡೂ ಪೆಂಡಿಗೆ ನೆಟ್ಟವು. ಇನ್ನೆರಡು ಬತ್ತಳಿಕೆಯಲ್ಲಿ ಇದ್ದವು. ಎಡಗೈಯಲ್ಲಿ ಬಿಲ್ಲು ಹಿಡಿದು ಬಲಗೈ ಊರಿ ಬಂಡೆಯಿಂದ ಇಳಿಯುತ್ತಿದ್ದಿ. ಕಾಲು ಜಾರಿತು. ಎರಡಾಳು ಎತ್ತರವೂ ಇರಲಿಲ್ಲ. ಕೂತುಕೊಂಡೇ ಕೆಳಗೆ ಬಂದಿ, ಬಿಲ್ಲು ಎದೆಯ ಮೇಲೆ ಬಂತು. ನಾನು ನಗುತ್ತಾ "ಎದ್ದೇಳು" ಅಂತ ಅಂದದ್ದು ಇನ್ನೂ ಕಿವಿಯಲ್ಲಿದೆ. ನೀನು ಏಳಲಿಲ್ಲ. ಎಡಗಡೆಯ ಕೊರಳೆಲುಬಿನ ಕೆಳಗೆ ಬಾಣದ ಮೊನೆ ಇತ್ತು.

ಐದು ಹೊಲಿಗೆ. ಡಾಕ್ಟರು ಎರಡು ಬೆರಳು ಇಟ್ಟು ತೋರಿಸಿದರು, ಇಷ್ಟು ಮೇಲಾಗಿದ್ದರೆ ಅಂತ. ಮುಂದೆ ಏನೂ ಹೇಳಲಿಲ್ಲ. ಆವತ್ತಿನಿಂದ ಸೀಟಿನ ಫೋಮು ಅಳೆಯುವಾಗಲೂ ನನ್ನ ಎರಡು ಬೆರಳು ತಾವಾಗಿಯೇ ಜೋಡಿಯಾಗುತ್ತವೆ.

ಮನೆಗೆ ಬಂದವರಿಗೆಲ್ಲ "ನಾನೇ ಜಾರಿ ಬಿದ್ದೆ" ಅಂತ ನೀನು ಹೇಳಿದಿ. ನಾನೂ "ಹೌದು, ಜಾರಿದಳು" ಅಂದೆ. ನಿಮ್ಮವ್ವನಿಗೂ ಹಾಗೇ ಹೇಳಿದೆ. ಜಾರಿದ್ದು ನೀನಲ್ಲ ಮಗಳೇ, ಬಾಣ. ನೀನು ಜಾರುವ ಮೊದಲೇ ಅದು ರಬ್ಬರಿನಲ್ಲಿ ಕೆಳಗಿಳಿದು ಮೊನೆ ಟೊಪ್ಪಿಗೆಯಿಂದ ಹೊರಗೆ ಬಂದಿತ್ತು. ಆ ರಬ್ಬರಿನ ಸೀಳುಗಳನ್ನು ನಾನು ನಿನ್ನ ಹಳೆಯ ಮರದ ಕಡ್ಡಿಗೆ ಕೊರೆದಿದ್ದೆ. ಹನ್ನೊಂದು ಬೈ ಮೂವತ್ತೆರಡು ಇಂಚಿನ ಕಡ್ಡಿ, ಅಂದರೆ 8.7 ಮಿಲಿಮೀಟರ್. ಆಮೇಲೆ ನೀನು ನರ್ಸಿಂಗ್ ಸ್ಟೈಪೆಂಡ್ ಕೂಡಿಸಿ ಕಾರ್ಬನ್ ಬಾಣ ತಂದಿ. ಅವು ಏಳೂವರೆ ಮಿಲಿಮೀಟರ್. ಒಂದು ಚಿಲ್ಲರೆ ಮಿಲಿಮೀಟರ್ ಅಷ್ಟೇ. ಸೀಟಿನ ಕೆಲಸದಲ್ಲಿ ಅಷ್ಟನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಎಳೆದು ಹೊಲಿದರೆ ಕೂರುತ್ತದೆ.

ನೀನು ಎರಡು ಸಲ ಹೇಳಿದ್ದಿ. ಯುಗಾದಿಯ ಹಿಂದಿನ ದಿನ ಅಂಗಡಿಯಲ್ಲಿ ಒಮ್ಮೆ, ಆವತ್ತು ಬೆಳಿಗ್ಗೆ ಗಾಡಿಯ ಹಿಂದೆ ಕೂತು ಇನ್ನೊಮ್ಮೆ. "ಅಪ್ಪಾ, ಬಾಣ ಸಡಿಲ ಅದಾವ." ನಾನು "ಸುಗ್ಗಿ ಮುಗೀಲಿ ತಂಗಿ, ಮಾಡಿಕೊಡ್ತೀನಿ" ಅಂದೆ. ಬೇಸಿಗೆ ಬೆಳೆಯ ಕೊಯ್ಲು, ಅಂಗಡಿ ಮುಂದೆ ಹಾರ್ವೆಸ್ಟರ್ ಸಾಲು ನಿಂತಿದ್ದವು. ಹೊಸ ರಬ್ಬರು ಕೊರೆಯಲು ಅರ್ಧ ಗಂಟೆ ಸಾಕಿತ್ತು. ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಆದದ್ದಲ್ಲ. ನನ್ನನ್ನು ಉಳಿಸಲಿಕ್ಕೆ ನೀನು ಜಾರಿದೆ ಅಂತ ಹೇಳಿಕೊಂಡು ತಿರುಗಿದಿ, ನಾನು ತಿರುಗಲು ಬಿಟ್ಟೆ. ತಪ್ಪಾಯಿತು ಮಗಳೇ.

ಆ ರಬ್ಬರು ಇನ್ನೂ ನನ್ನ ಗಲ್ಲೆಯಲ್ಲಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಕೊಂಡು ಹೋದಾಗ ಅಂಗಡಿಗೆ ಬಂದವರೆಲ್ಲ ಎಡದಂಡೆ ಕಾಲುವೆಗೆ ನೀರು ಉಳಿಯುತ್ತದೋ ಇಲ್ಲವೋ ಅಂತ ಚಿಂತೆ ಮಾಡುತ್ತಿದ್ದರು. 33 ಗೇಟಿನಲ್ಲಿ ಒಂದು ಗೇಟು. ನಾನು ಗಲ್ಲೆ ತೆಗೆದು ಆ ರಬ್ಬರನ್ನು ನೋಡುತ್ತಾ ಕೂತಿದ್ದೆ.

ಸಾಕು. ಕೇಳಿದ್ದಕ್ಕೆ ಬರುತ್ತೇನೆ.

ಬೋಲ್ಟಿನ ವಿಷಯ ಗಮನವಿಟ್ಟು ಓದು. ತಗಡು 3 ಮಿಲಿಮೀಟರ್ ದಪ್ಪ ಇದ್ದರೆ ನಿನ್ನ ಬೋಲ್ಟು ಹಿಡಿಯೊಳಗಿನ ಹಿತ್ತಾಳೆ ಬುಶ್ಶಿನೊಳಗೆ ಅಷ್ಟೇ ಕಡಿಮೆ ಇಳಿಯುತ್ತದೆ. ಕೈಗೆ ಬಿಗಿಯಾದಂತೆ ಕಾಣುತ್ತದೆ, ಕಚ್ಚಿರುವುದು ಮಾತ್ರ ನಾಲ್ಕೈದು ಸುತ್ತು. ಮೂವತ್ತು ಪೌಂಡಿನ ಬಿಲ್ಲು ಎಳೆದಾಗ ಥ್ರೆಡ್ ಕಿತ್ತುಕೊಂಡರೆ ಲಿಂಬು ಮುಖಕ್ಕೆ ಬರುತ್ತದೆ. ಆದ್ದರಿಂದ ಬತ್ತಳಿಕೆಯ ಜೊತೆ ಉದ್ದನೆಯ ಬೋಲ್ಟು ಬರುತ್ತದೆಯೇ ಕೇಳು. ಇಲ್ಲದಿದ್ದರೆ ಬಿಲ್ಲು ಮಾಡಿದವರಿಂದಲೇ ತರಿಸು. ಹಾರ್ಡ್‌ವೇರ್ ಅಂಗಡಿಗೆ ಹೋಗಿ ಹೊಂದಿಸಿಕೊಳ್ಳಬೇಡ. ನಿನ್ನ ಬಿಲ್ಲಿನ ಮುಂಭಾಗದಲ್ಲಿ ತೂಕದ ಸರಳು ಕೂರಿಸುವ ತೂತನ್ನೇ ನೋಡು, ಅದರ ಥ್ರೆಡ್ 5/16 ಇಂಚು, ಇಂಚಿಗೆ 24 ಸುತ್ತು. ನಮ್ಮಲ್ಲಿ ಸಿಗುವ 8 ಎಂಎಂ ಬೋಲ್ಟು ನೋಡಲು ಥೇಟ್ ಅದರಂತೆಯೇ. ಒಂದೆರಡು ಸುತ್ತು ಹೋಗಿ ಕಚ್ಚಿ ನಿಲ್ಲುತ್ತದೆ. ನಾನು ಪಾನಾ ಹಾಕಿ ತಿರುಗಿಸಿ ಆ ತೂತಿನ ಬುಶ್ಶಿನ ಬಾಯಿ ಕೆಡಿಸಿದ್ದು ನಿನಗೆ ಗೊತ್ತಿರಲಿಲ್ಲ, ಈಗ ಗೊತ್ತಾಯಿತು. ಇನ್ನೊಂದು, ಯಾರಾದರೂ ಹಿಡಿಯ ಪಕ್ಕಕ್ಕೆ ತೂತು ಕೊರೆದು ಕೊಡುತ್ತೇನೆ ಅಂದರೆ ಬಿಲ್ಲನ್ನು ಅವರ ಕೈಗೇ ಕೊಡಬೇಡ.

ಕೂರಿಸುವುದು ಬಾಣ ಇಡುವ ಕಿಟಕಿಯ ಎದುರು ಬದಿಗೆ. ನೀನು ಬಲಗೈಯವಳು, ಬತ್ತಳಿಕೆ ಬಿಲ್ಲಿನ ಬಲಕ್ಕೆ ಬರುತ್ತದೆ. ಹಿಡಿಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ದೂರ ಹೋದಷ್ಟೂ ಬಿಲ್ಲು ಬಲಕ್ಕೆ ಹೊರಳಲು ನೋಡುತ್ತದೆ. ತೀರಾ ಹತ್ತಿರ ಬಂದರೆ ಗರಿಗಳು ಕೆಳಗಿನ ಲಿಂಬಿಗೋ ಹೆದೆಗೋ ತಾಗುತ್ತವೆ. ಹೆದೆ ಏರಿಸಿದ ಮೇಲೆಯೇ ಇದನ್ನೆಲ್ಲ ನೋಡು. ಬಿಲ್ಲು ನೆಲಕ್ಕೆ ಊರಿದಾಗ ಗರಿ ಹುಲ್ಲಿಗೆ ತಾಗಬಾರದು. ಅಲ್ಲಿ ಮಳೆ ಜಾಸ್ತಿ, ನೆನೆದ ಗರಿ ಮಲಗಿಬಿಡುತ್ತದೆ.

ಬಾಣ ಐದು ಸಾಕು. ಒಂದೊಂದು 30 ಗ್ರಾಂ ಹಿಡಿದರೂ ಐದಕ್ಕೆ 150 ಗ್ರಾಂ, ಬತ್ತಳಿಕೆಯ ತೂಕ ಬೇರೆ. ಮೊದಲ ವಾರ ಕೈ ಬೇಸರ ಮಾಡಿಕೊಳ್ಳುತ್ತದೆ. ಬತ್ತಳಿಕೆ ತುಂಬಿಟ್ಟುಕೊಂಡೇ ಅಭ್ಯಾಸ ಮಾಡು, ಆಮೇಲೆ ಒಂದೊಂದೇ ಬಾಣ ತೆಗೆದು ಹೊಡೆದು ನೋಡು, ಬಾಣ ಬೀಳುವ ಜಾಗ ಎಷ್ಟು ಸರಿಯುತ್ತದೆ ಅಂತ ತಿಳಿಯುತ್ತದೆ. ಬೇರ್‌ಬೋ ಸ್ಪರ್ಧೆಗೆ, ಅಂದರೆ ಗುರಿ ನೋಡುವ ಸಾಧನ ಇಲ್ಲದ ಬಿಲ್ಲಿನ ಸ್ಪರ್ಧೆಗೆ, ಹೋಗುವುದಾದರೆ ಬತ್ತಳಿಕೆ ಬಿಚ್ಚಿಡಬೇಕಾಗುತ್ತದೆ. ಹೆದೆ ಇಳಿಸಿದ ಬಿಲ್ಲು ಎಲ್ಲ ಸಾಮಾನು ಸಮೇತ 12.2 ಸೆಂಟಿಮೀಟರ್ ಬಳೆಯೊಳಗೆ ತೂರಬೇಕು ಅಂತ ನಿಯಮ ಇದೆಯಲ್ಲ.

ಟೊಪ್ಪಿಗೆ ಗಟ್ಟಿ ಇರಬೇಕು, ಬೆರಳಿನಿಂದ ಒತ್ತಿದರೆ ತಗ್ಗಬಾರದು. ಒಳಗಿನ ಫೋಮು ಒತ್ತಾಗಿರಬೇಕು, ಸೀಟಿನ ಫೋಮಿನಂಥದ್ದಲ್ಲ. ಮೊನೆ ಚುಚ್ಚಿ ಚುಚ್ಚಿ ತೂತು ಅಗಲವಾದರೆ ಬದಲಾಯಿಸು.

ಈಗ ರಬ್ಬರು. ನಿನ್ನ ಕಡ್ಡಿಯ ದಪ್ಪವನ್ನು ಕ್ಯಾಲಿಪರಿನಲ್ಲಿ ಅಳೆದು ಅದಕ್ಕೇ ಮಾಡಿದ ರಬ್ಬರು ತಗೋ. ಮರದ ಬಾಣಕ್ಕೊಂದು, ಕಾರ್ಬನ್ನಿಗೊಂದು. ಎರಡಕ್ಕೂ ಆಗುತ್ತದೆ ಅಂತ ಹೇಳಿದರೆ ನಂಬಬೇಡ. ಬಾಣ ಸಿಕ್ಕಿಸುವಾಗ ಟಪ್ ಅಂತ ಕೂರಬೇಕು. ಪ್ರತಿ ಬಾಣದ ಮೇಲೆ, ರಬ್ಬರಿನ ಮೇಲಂಚಿಗೆ ಸರಿಯಾಗಿ ಬಿಳಿ ಬಣ್ಣದ ಗೆರೆ ಎಳೆ. ಆ ಗೆರೆ ರಬ್ಬರಿನೊಳಗೆ ಮುಳುಗಿದ್ದರೆ ಬಾಣ ಇಳಿದಿದೆ ಅಂತ ಅರ್ಥ. ಕತ್ತಲಲ್ಲೂ ಕಾಣುವ ಹಾಗೆ ಎಳೆ. ಬಿಸಿಲಿಗೆ ರಬ್ಬರು ಬಿರುಕು ಬಿಡುತ್ತದೆ, ಚಳಿಗೆ ಬಿರುಸಾಗುತ್ತದೆ. ಅಲ್ಲಿಯ ಚಳಿಗಾಲ ಬರುವ ಮುಂಚೆ ಇನ್ನೊಂದು ಜೋಡಿ ತೆಗೆದಿಡು. ಈ ಗೆರೆಯನ್ನು ನಾನು ಆವತ್ತು ಎಳೆದಿದ್ದರೆ ಬಂಡೆ ಹತ್ತುವ ಮುಂಚೆಯೇ ಕಾಣುತ್ತಿತ್ತು. ಒಂದು ಗೆರೆ. ನನ್ನ ಹತ್ತಿರ ಚಾಕ್‌ಪೀಸು ಯಾವಾಗಲೂ ಕಿವಿಯ ಮೇಲೇ ಇರುತ್ತದೆ.

ಇಳಿಜಾರಿನಲ್ಲಿ ಇಳಿಯುವಾಗ ಬಿಲ್ಲು ಮೈಗೆ ಹತ್ತಿರ ಹಿಡಿಯಬೇಡ, ಮೊನೆಗಳು ಮುಖದ ಕಡೆ ಬರಬಾರದು. ಕಡಿದಾಗಿದ್ದರೆ ಜೊತೆಯವರ ಕೈಗೆ ಬಿಲ್ಲು ಕೊಟ್ಟು ಇಳಿ. ಬೂಟು ಹಾಕು. ಒಬ್ಬಳೇ ಕಾಡಿಗೆ ಹೋಗಬೇಡ. ನೈಟ್ ಡ್ಯೂಟಿ ಮುಗಿಸಿ ನಿದ್ದೆಗೆಟ್ಟು ಹೋಗಬೇಡ. ಊಟ ಬಿಡಬೇಡ. ಬತ್ತಳಿಕೆ ಕೇಳಿದರೆ ಊಟಕ್ಕೆ ಬಂದ ಅಂತ ನಿಮ್ಮವ್ವ ಪಕ್ಕದಲ್ಲಿ ಕೂತು ಹೇಳುತ್ತಿದ್ದಾಳೆ. ಆದರೂ ಬರೆದಿದ್ದೇನೆ, ಇರಲಿ.

ನೀನು ಕಳಿಸಿದ ವಿಡಿಯೊ ಅವಳು ತೋರಿಸಿದಳು. ಕಾಡಿನೊಳಗೆ ಫೋಮಿನ ಹಂದಿ, ಫೋಮಿನ ಜಿಂಕೆ. ಅಲ್ಲೂ ಬಿಲ್ಲಿನ ಬೇಟೆ ನಿಷಿದ್ಧ ಅಂತ ಕೇಳಿ ಒಳ್ಳೆಯದಾಯಿತು. ಕೊಂಬೆಗಳ ಕೆಳಗೆ ಬಗ್ಗಿ ಹೋಗುವಾಗ ಬೆನ್ನ ಮೇಲಿನ ಬತ್ತಳಿಕೆ ಸಿಕ್ಕಿ ಬಾಣ ಉದುರಿದ್ದು ಕಂಡಿತು, ಬಿಲ್ಲಿಗೇ ಕೂರುವುದು ಯಾಕೆ ಬೇಕು ಅಂತ ಆಗ ತಿಳಿಯಿತು. ಕ್ಯಾಲೆಂಡರಿನ ರಾಮನಿಗೆಲ್ಲ ಬೆನ್ನ ಮೇಲೇ ಇರುತ್ತದೆ. ವಾಲಿಯನ್ನು ಹೊಡೆದ ಕಿಷ್ಕಿಂಧೆ ನಮ್ಮ ಆನೆಗೊಂದಿಯೇ ಅಂತ ಅಲ್ಲಿಯವರಿಗೆ ಹೇಳಿದ್ದೀಯಾ? ನಾನು ಗಿರಾಕಿಗಳಿಗೆಲ್ಲ ಆ ವಿಡಿಯೊ ತೋರಿಸಿದೆ. ಹಂದಿಗೆ ನೀನು ಹೊಡೆದ ಬಾಣವನ್ನು ಮೂರು ಸಲ ತಿರುಗಿಸಿ ತಿರುಗಿಸಿ ತೋರಿಸಿದೆ. ನಮ್ಮ ಓಣಿಯ ಹುಡುಗಿ ಅಂತ ಅವರೂ ಹಿಗ್ಗಿದರು. ಬಾಣ ಬಿಟ್ಟ ಮೇಲೆ ನೀನು ಎಡಭುಜ ಸ್ವಲ್ಪ ಮೇಲೆತ್ತುತ್ತೀ, ಹೊಲಿಗೆ ಹಾಕಿದ ಭುಜ. ಅದು ನೋವಿನಿಂದಲೋ ರೂಢಿಯಿಂದಲೋ, ನಿಜ ಹೇಳು.

ಪಾರ್ಸಲ್ಲಿನಲ್ಲಿ ಹದ ಮಾಡಿದ ಚರ್ಮದ ನಾಲ್ಕು ತುಂಡು ಇವೆ, 2 ಮಿಲಿಮೀಟರ್ ದಪ್ಪ. ಸರಳು ಹಿಡಿಯ ಮರಕ್ಕೆ ತಾಗುವ ಕಡೆ ಕೆಳಗೆ ಇಡು, ಪಾಲಿಶ್ ಕೀಳುವುದಿಲ್ಲ, ಗಡಗಡ ಸದ್ದೂ ಬರುವುದಿಲ್ಲ. ನುಣುಪು ಬದಿ ಮರದ ಕಡೆಗೆ. ಬೋಲ್ಟಿನ ತಗಡಿನ ಕೆಳಗೆ ಮಾತ್ರ ಇಡಬೇಡ. ಚರ್ಮ ದಿನ ಕಳೆದಂತೆ ತಗ್ಗುತ್ತದೆ, ಬೋಲ್ಟು ಸಡಿಲಾಗುತ್ತದೆ. ಸ್ಟೇಷನ್ನಿನಲ್ಲಿ ನೀನು ವಾಪಸ್ ಕೊಟ್ಟ ಬತ್ತಳಿಕೆಯ ಪಟ್ಟಿಯಿಂದಲೇ ಇವನ್ನು ಕತ್ತರಿಸಿದ್ದು. ತೊಗಲು ಒಳ್ಳೆಯದಿತ್ತು.

ಬೋಲ್ಟು ಬಿಗಿಯುವ ಮುಂಚೆ ವಿಡಿಯೊ ಕಾಲ್ ಮಾಡು. ಡ್ಯೂಟಿ ಮುಗಿಸಿ ನಾಲ್ಕು ಗಂಟೆಗೆ ಮಾಡಿದರೆ ಇಲ್ಲಿ ಏಳೂವರೆ ಆಗಿರುತ್ತದೆ. ಶಟರ್ ಅರ್ಧ ಎಳೆದು ಕೂತಿರುತ್ತೇನೆ. ಎಷ್ಟು ಸುತ್ತು ಇಳಿಯಿತು ಅಂತ ಇಬ್ಬರೂ ಕೂಡಿ ಎಣಿಸೋಣ.

ನಿನ್ನ ಅಪ್ಪ