ಮುಖಪುಟಕ್ಕೆ ಯಾವ ಬಣ್ಣ?

ಐರ್ಲೆಂಡಿನ ನಾಡಸಂತ ಪ್ಯಾಟ್ರಿಕ್‌ನ ಹಬ್ಬ ಬರುವುದು ಮಾರ್ಚ್‌ನಲ್ಲಿ. ನಮ್ಮ ಸಂಘದ ಪತ್ರಿಕೆಯ ಮಾರ್ಚ್ ಸಂಚಿಕೆಯ ಮುಖಪುಟಕ್ಕೆ ನಮ್ಮ ಚಿತ್ರಗಾರ ಹುಡುಗ ಈ ಬಾರಿ ತಿಳಿನೀಲಿ ಹಿನ್ನೆಲೆಯ ಕರಡು ಕಳುಹಿಸಿದ. ಸಮಿತಿಯ ಹಿರಿಯರೊಬ್ಬರಿಗೆ ಸಿಟ್ಟೇ ಬಂತು. "ಈ ಡಬ್ಲಿನ್ನಿಗೆ ಬಂದು ಇಪ್ಪತ್ತು ವರ್ಷವಾಯಿತು. ಸೇಂಟ್ ಪ್ಯಾಟ್ರಿಕ್ ಹಬ್ಬಕ್ಕೆ ಹಸಿರು ಎಂಬುದು ಹಾಲು ಕುಡಿಯುವ ಕೂಸಿಗೂ ಗೊತ್ತು" ಎಂದರು. ಹುಡುಗ ಜಗ್ಗಲಿಲ್ಲ. "ಆದರೆ ಸಂತನ ಹೆಸರು ಹೊತ್ತಿರುವುದು ನೀಲಿ ಬಣ್ಣ, ಹಸಿರಲ್ಲ ಸಾರ್" ಎಂದ. ನಾನು ಹಿರಿಯರ ಪಕ್ಷದಲ್ಲಿದ್ದೆ. ಓದಿ ನೋಡಿದ ಮೇಲೆ ಸುಮ್ಮನಾದೆ.

1783ರಲ್ಲಿ ಬ್ರಿಟನ್ನಿನ ದೊರೆ ಮೂರನೆಯ ಜಾರ್ಜ್ ಐರ್ಲೆಂಡಿನ ಸಿರಿವಂತ ಸರದಾರರಿಗಾಗಿ ಸಂತ ಪ್ಯಾಟ್ರಿಕ್‌ನ ಹೆಸರಿನಲ್ಲಿ ಒಂದು ಬಿರುದು ಸ್ಥಾಪಿಸಿದ. ಬಿರುದೆಂದರೆ ಎದೆಯ ಮೇಲೊಂದು ಪಟ್ಟಿ ಬೇಕು, ಪಟ್ಟಿಗೊಂದು ಬಣ್ಣ ಬೇಕು. ಇಂಗ್ಲೆಂಡಿನ ಗಾರ್ಟರ್ ಬಿರುದಿನದು ಕಡುನೀಲಿ. ಸ್ಕಾಟ್ಲೆಂಡಿನ ಥಿಸಲ್ ಬಿರುದಿನದು, ತಮಾಷೆ ನೋಡಿ, ಹಸಿರು! ಐರ್ಲೆಂಡಿಗೆ ಬಂದದ್ದು ತಿಳಿನೀಲಿ. ಅದಕ್ಕೆ 'ಸೇಂಟ್ ಪ್ಯಾಟ್ರಿಕ್ ನೀಲಿ' ಎಂಬ ಹೆಸರೇ ನಿಂತಿತು. ಇಂದಿಗೂ ಇಲ್ಲಿನ ಅಧ್ಯಕ್ಷರ ಧ್ವಜದಲ್ಲಿ ಚಿನ್ನದ ಹಾರ್ಪ್ ವಾದ್ಯ ಇರುವುದು ನೀಲಿಯ ಮೇಲೆಯೇ.

ಸಂತನನ್ನೇ ಕೇಳೋಣವೆಂದರೆ ಆತ ಈ ಜಗಳಕ್ಕೆ ಬರುವುದಿಲ್ಲ. 5ನೆಯ ಶತಮಾನದವನು, ರೋಮನ್ ಬ್ರಿಟನ್ನಿನಲ್ಲಿ ಹುಟ್ಟಿದವನು. ಹದಿನಾರರ ಹುಡುಗನಿದ್ದಾಗ ದಾಳಿಕೋರರು ಹಿಡಿದು ತಂದರು. ಆರು ವರ್ಷ ಐರ್ಲೆಂಡಿನಲ್ಲಿ ಜೀತಕ್ಕಿದ್ದು ಮಂದೆ ಕಾಯ್ದ. ತಪ್ಪಿಸಿಕೊಂಡು ಹೋದವನು ಬಿಷಪ್ ಆಗಿ ಅದೇ ನೆಲಕ್ಕೆ ಮರಳಿದ. ತನ್ನ ಕಥೆಯನ್ನು ಲ್ಯಾಟಿನ್ನಿನಲ್ಲಿ ತಾನೇ ಬರೆದಿಟ್ಟಿದ್ದಾನೆ. ಅದರಲ್ಲಿ ಶ್ಯಾಮ್ರಾಕ್ ಎಂಬ ಮೂರೆಲೆಯ ಗಿಡದ ಸುಳಿವೂ ಇಲ್ಲ. ಆ ಎಲೆ ತೋರಿಸಿ ಪಿತ, ಸುತ, ಪವಿತ್ರಾತ್ಮ ಒಂದೇ ಎಂದು ಬೋಧಿಸಿದನಂತೆ ಎಂಬ ಕಥೆ ಬರಹಕ್ಕೆ ಇಳಿದದ್ದು 1726ರಲ್ಲಿ. ಬಿಲ್ವಪತ್ರೆಯ ಮೂರು ದಳಗಳಲ್ಲಿ ಮುಕ್ಕಣ್ಣನನ್ನು ಕಂಡು ಬೆಳೆದ ನಮಗೆ ಈ ಕಥೆ ಬೇಗ ಹಿಡಿಸುತ್ತದೆ, ಅದು ಬೇರೆ ಮಾತು.

ಕಥೆಗಿಂತ ಎಲೆ ಹಳೆಯದು. 1681ರಲ್ಲಿ ಇಲ್ಲಿ ಸುತ್ತಾಡಿದ ಥಾಮಸ್ ಡೈನ್ಲಿ ಎಂಬ ಇಂಗ್ಲಿಷ್ ಪ್ರವಾಸಿ, ಮಾರ್ಚ್ 17ರಂದು ಜನ ಟೋಪಿಗೆ ಹಸಿರು ರಿಬ್ಬನ್ನಿನ ಶಿಲುಬೆ ಸಿಕ್ಕಿಸಿಕೊಳ್ಳುವುದನ್ನೂ ಬಡವರು ಶ್ಯಾಮ್ರಾಕ್ ಧರಿಸುವುದನ್ನೂ ಬರೆದಿದ್ದಾನೆ. 1640ರ ದಶಕದಲ್ಲಿ ಇಂಗ್ಲಿಷರ ವಿರುದ್ಧ ಕಾದಾಡಿದ ಓವೆನ್ ರೋ ಓನೀಲ್‌ನ ಬಾವುಟ ಹಸಿರು. ಮುಂದೆ 1791ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ 'ಯುನೈಟೆಡ್ ಐರಿಷ್‌ಮೆನ್' ಸಂಘಟನೆ ಆ ಬಣ್ಣವನ್ನು ತನ್ನದಾಗಿಸಿಕೊಂಡಿತು. 1798ರ ಬಂಡಾಯದ ಹೊತ್ತಿಗೆ ಹಸಿರು ತೊಟ್ಟವನೆಂದರೆ ದೊರೆಯ ವೈರಿ. ಹಸಿರು ಧರಿಸಿದವರನ್ನು ನೇಣಿಗೇರಿಸುತ್ತಿದ್ದಾರೆ ಎಂದು ಬೀದಿ ಲಾವಣಿಗಳು ಹಾಡಿದವು. ಅರಮನೆ ಹಂಚಿದ ನೀಲಿ ಸರದಾರರ ಎದೆಯ ಮೇಲೆ ಉಳಿಯಿತು. ನಮ್ಮ ರೈತ ಸಂಘದವರ ಹೆಗಲ ಮೇಲಿನ ಹಸಿರು ಶಾಲನ್ನು ನೆನೆದರೆ ಒಂದು ತುಂಡು ಬಟ್ಟೆಗೆ ಎಷ್ಟು ಸದ್ದಿರುತ್ತದೆ ಎಂಬುದು ಗೊತ್ತಾಗುತ್ತದೆ. ಆ ಶಾಲನ್ನು ಆಮೇಲೆ ಅಧಿಕಾರದಲ್ಲಿದ್ದವರೂ ಹೊದ್ದರು. ಇಲ್ಲೂ ಹಾಗೆಯೇ: 1900ರಲ್ಲಿ ರಾಣಿ ವಿಕ್ಟೋರಿಯಾ, ದಕ್ಷಿಣ ಆಫ್ರಿಕಾದ ಯುದ್ಧದಲ್ಲಿ ಐರಿಷ್ ಸೈನಿಕರು ತೋರಿದ ಶೌರ್ಯಕ್ಕಾಗಿ, ಹಬ್ಬದ ದಿನ ಅವರು ಶ್ಯಾಮ್ರಾಕ್ ಧರಿಸಬೇಕೆಂದು ತಾನೇ ಆಜ್ಞೆ ಹೊರಡಿಸಿದಳು.

ಇನ್ನು ಊರೆಲ್ಲ ಹಸಿರು ಬಳಿಯುವ ಈಗಿನ ಸಂಭ್ರಮವಿದೆಯಲ್ಲ, ಅದು ಬಹುಪಾಲು ಮನೆ ಬಿಟ್ಟು ಹೋದವರ ಕೈಕೆಲಸ. ನ್ಯೂಯಾರ್ಕ್‌ನಲ್ಲಿ ಹಬ್ಬದ ಮೆರವಣಿಗೆ 1762ರಲ್ಲೇ ಹೊರಟಿತ್ತು. 1845ರಿಂದ ಐರ್ಲೆಂಡಿನಲ್ಲಿ ಆಲೂಗೆಡ್ಡೆ ಬೆಳೆ ಕೊಳೆತು ಬರ ಬಂತು. ಹತ್ತು ಲಕ್ಷದಷ್ಟು ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. ಅಮೆರಿಕದಲ್ಲಿ ಅವರನ್ನು ಹೀನಾಯವಾಗಿ ಕಂಡಷ್ಟೂ ಮೆರವಣಿಗೆ ಉದ್ದವಾಯಿತು. ಡಬ್ಲಿನ್‌ನಲ್ಲಿ ಸರ್ಕಾರವೇ ಮುಂದೆ ನಿಂತು ಮೆರವಣಿಗೆ ನಡೆಸಿದ್ದು 1931ರಲ್ಲಿ. ಷಿಕಾಗೋ ನದಿಗೆ ಹಸಿರು ಬಣ್ಣ ಬೆರೆಸಿದ ಕಥೆಯಂತೂ ಸೊಗಸು: ಚರಂಡಿ ನೀರು ಎಲ್ಲಿಂದ ಸೋರಿ ನದಿಗೆ ಸೇರುತ್ತಿದೆ ಎಂದು ಪತ್ತೆಹಚ್ಚಲು ಕೊಳಾಯಿ ಕೆಲಸಗಾರರು ಬಳಸುತ್ತಿದ್ದ ಬಣ್ಣವನ್ನು 1962ರ ಹಬ್ಬಕ್ಕೆ ನದಿಗೇ ಸುರಿದರು. ವಾರವಾದರೂ ಹಸಿರು ಇಳಿಯಲಿಲ್ಲ. ಈಗ ಹಾಕುವುದು ಸಸ್ಯಜನ್ಯ ಪುಡಿ. ಪುಡಿಯಾಗಿದ್ದಾಗ ಅದರ ಬಣ್ಣ ಕಿತ್ತಳೆ, ನೀರು ತಾಗಿದೊಡನೆ ಹಸಿರು.

ಮುಖಪುಟ ಕೊನೆಗೆ ಹಸಿರೇ ಆಯಿತು. ಸಂಘದ ಹೆಸರಿನ ಕೆಳಗೆ ಮಾತ್ರ ಒಂದೆಳೆ ತಿಳಿನೀಲಿ ಗೆರೆ ಉಳಿದುಕೊಂಡಿದೆ. ಹಿರಿಯರು ಅದನ್ನು ಮುದ್ರಣದೋಷ ಎಂದುಕೊಂಡಿದ್ದಾರೆ. ಅವರು ಸಂಪಾದಕೀಯ ಓದುವುದಿಲ್ಲ ಎಂಬ ಧೈರ್ಯದಿಂದ ಇಷ್ಟು ಬರೆದಿದ್ದೇನೆ. ದಯವಿಟ್ಟು ನೀವೂ ಹೇಳಬೇಡಿ.