ಮಾಗಡಿ ಕೆರೆಯ ಕಾಕಾಗೆ, ನಿಮ್ಮೆಲ್ಲರಿಗೆ

ಪಟ್ಟೆತಲೆ ಹೆಬ್ಬಾತುಗಳು ಉತ್ತರಕ್ಕೆ ಹೊರಟುಹೋದವು. ಗದಗ ಜಿಲ್ಲೆಯ ನಮ್ಮ ಮಾಗಡಿ ಕೆರೆ ದಂಡೆಯಲ್ಲಿ ಈ ಚಳಿಗಾಲವಿಡೀ ಸ್ವಯಂಸೇವಕಿಯಾಗಿ ದುಡಿಯಲು ನನ್ನನ್ನು ಸೇರಿಸಿಕೊಂಡವರಿಗೆ ಧನ್ಯವಾದ ಹೇಳದೆ ಮನಸ್ಸು ತಡೆಯುತ್ತಿಲ್ಲ. ಅದಕ್ಕೂ ಮುಂಚೆ ನಮ್ಮ ಮನೆಯಲ್ಲಿ ಏನು ನಡೆಯಿತೆಂಬುದು ನಿಮಗೆಲ್ಲ ಗೊತ್ತು.

ಜನವರಿಯ ನೀರುಹಕ್ಕಿ ಗಣತಿಯಲ್ಲಿ ಪಕ್ಕದಲ್ಲಿ ನಿಂತು ಸೂಜಿಬಾಲದ ಬಾತನ್ನು ಗುರುತಿಸಲು ಕಲಿಸಿದ ಗೆಳೆಯರು, ತಮ್ಮ ಬೈನಾಕ್ಯುಲರ್ ಕೊಟ್ಟ ಮೇಷ್ಟ್ರು, ಬುತ್ತಿ ಕಟ್ಟಿ ಕಳಿಸಿದ ಊರ ಅವ್ವಂದಿರು, ಬಾತುಗಳು ಕಡಲೆ ಹೊಲಕ್ಕಿಳಿದರೂ ಸಹಿಸಿಕೊಂಡ ರೈತರು, ಎಲ್ಲರಿಗೂ ಶರಣು.

ಇನ್ನು ಕಾಕಾ. ಮಾಗಡಿ ಕೆರೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ, ಸೇರಿದ್ದು 2024ರಲ್ಲಿ; ಅದಕ್ಕೂ ಎಷ್ಟೋ ವರ್ಷ ಮೊದಲಿನಿಂದ ಅವರು ಅಲ್ಲಿ ಕಾವಲಿದ್ದಾರೆ. ಕತ್ತಲಲ್ಲಿ ಕೂಗು ಕೇಳಿದರೆ ಸಾಕು, ಯಾವ ಹಕ್ಕಿ ಎಂದು ಹೇಳುತ್ತಾರೆ. ನಾಯಿಗಳು ದಂಡೆಗೆ ಬರುವ ದಾರಿ, ಬಾತುಗಳು ಬೆದರದಂತೆ ನಡೆಯುವ ರೀತಿ, ಎಲ್ಲ ನನಗೆ ಅವರಿಂದಲೇ ಬಂದದ್ದು.

ಒಂದು ರಾತ್ರಿ ಹೊಲದಂಚಿನ ವಿದ್ಯುತ್ ತಂತಿಗೆ ಬಡಿದು ಒಂದು ಹೆಬ್ಬಾತು ಬಿತ್ತು. ಕಾಕಾ ಅದನ್ನು ತಮ್ಮ ಕಂಬಳಿಯಲ್ಲಿ ಸುತ್ತಿ ಗುಡಿಸಲಿಗೆ ತಂದರು. ಪಶುವೈದ್ಯರು ಬೆಳಗಿಗೆ ಬರುವೆನೆಂದರು. ಬ್ಯಾಟರಿ ಬೆಳಕು ಕಣ್ಣಿಗೆ ಬೀಳದಂತೆ ಕೈ ಅಡ್ಡ ಹಿಡಿದು ನಾನು ಕೂತೆ. ಮಂಗೋಲಿಯಾ, ಟಿಬೆಟ್ಟಿನ ಕಡೆಯಿಂದ ಹಿಮಾಲಯವನ್ನೇ ದಾಟಿ ಬರುವ ಜೀವ. ನಮ್ಮೂರ ತಂತಿಗೆ ಸಿಕ್ಕಿತಲ್ಲ! ಕೋಳಿ ಕೂಗುವ ಮೊದಲೇ ಅದರ ಉಸಿರು ನಿಂತಿತು.

ಆಸ್ಪತ್ರೆಯಲ್ಲಿ ಬಾರದ, ತಮ್ಮನ ಮಣ್ಣಿನ ದಿನವೂ ಬಾರದ ಅಳು ಆಗ ಬಂತು. ನಿಲ್ಲಿಸಲು ಆಗಲಿಲ್ಲ. ಅವನ ಹೆಸರು ಹಿಡಿದು ಕೂಗಿದೆ. ಸಮಾಧಾನ ಮಾಡಿಕೋ, ದೇವರ ಇಚ್ಛೆ ಎಂಬ ಮಾತುಗಳನ್ನು ತಿಂಗಳುಗಟ್ಟಲೆ ಕೇಳಿದ್ದೆ. ಕಾಕಾ ಹೇಳಿದ್ದು ಇಷ್ಟೇ: "ಅಳಬ್ಯಾಡ ಅನ್ನಂಗಿಲ್ಲ ತಂಗಿ. ಅಳು. ನಾ ಇಲ್ಲೇ ಕುಂತೀನಿ." ಹೇಳಿದಂತೆ ಬೆಳಕು ಹರಿಯುವವರೆಗೂ ಕೂತಿದ್ದರು. ಆಮೇಲೆ ಒಲೆ ಹಚ್ಚಿ ಚಹಾ ಕಾಸಿದರು, ಹಕ್ಕಿಯ ವಿಷಯ ಅರಣ್ಯ ಇಲಾಖೆಗೆ ತಿಳಿಸಿದರು, ಎಂದಿನಂತೆ ದಂಡೆ ಸುತ್ತಲು ಹೊರಟರು. ನಾನೂ ಹಿಂದೆ ಹೋದೆ. ನೀರ ಮೇಲೆ ಹೆಬ್ಬಾತುಗಳ ಗದ್ದಲವೋ ಗದ್ದಲ. ಅಂದು ಮನೆಗೆ ಬಂದು ಅವ್ವನ ಜೊತೆ ಕೂತು ತಮ್ಮನ ಬಗ್ಗೆ ಮಾತಾಡಿದೆ. ಅದುವರೆಗೆ ನಮ್ಮಿಬ್ಬರಿಗೂ ಅದು ಸಾಧ್ಯವಾಗಿರಲಿಲ್ಲ.

ಕಾಕಾ, ನಿಮ್ಮ ಋಣ ದೊಡ್ಡದು. ಆ ತಂತಿಗಳಿಗೆ ಹಕ್ಕಿಗಳ ಕಣ್ಣಿಗೆ ಕಾಣುವಂಥ ಗುರುತು ತೂಗುಹಾಕಿ ಎಂದು ಮನವಿ ಬರೆದಿದ್ದೇನೆ; ಊರಿನವರು ಸಹಿ ಹಾಕಲು ಒಪ್ಪಿದ್ದಾರೆ. ಮುಂದಿನ ಚಳಿಗಾಲಕ್ಕೆ ರಾತ್ರಿ ಪಾಳಿಯಲ್ಲೂ ನನ್ನ ಹೆಸರು ಬರೆದುಕೊಳ್ಳಿ.