ಹೊಸ ಹಾಡಿಗೂ ವೇದಿಕೆ ಸಿಗಲಿ

ಮಾನ್ಯರೇ,

ಸಂಗೀತ ತಂಡವೊಂದು ಹೊಸ ಆಲ್ಬಮ್‌ನಲ್ಲಿ ಧಾಟಿ ಬದಲಿಸಿದರೆ ಸಾಕು, ‘ಮೊದಲಿನಂತಿಲ್ಲ’ ಎಂದು ತಳ್ಳಿಹಾಕುವುದು ಜಾಸ್ತಿಯಾಗಿದೆ. ಇದು ಸರಿಯಲ್ಲ.

ಇಂಗ್ಲೆಂಡಿನ ಬೀಟಲ್ಸ್ ತಂಡವನ್ನೇ ನೋಡಿ. ಗಿಟಾರ್, ಡ್ರಮ್ಸ್ ಹಿಡಿದು ಸರಳ ಪ್ರೇಮಗೀತೆ ಹಾಡಿಯೇ ಅವರು ಹೆಸರಾದವರು. 1966ರಲ್ಲಿ ಊರೂರು ತಿರುಗಿ ಹಾಡುವುದನ್ನೇ ನಿಲ್ಲಿಸಿ ಸ್ಟುಡಿಯೋ ಸೇರಿದರು. ಟೇಪನ್ನು ಹಿಂದುಮುಂದಾಗಿ ಓಡಿಸಿ ಹೊಸ ನಾದ ಹುಡುಕಿದರು. ತಂಡದ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್ ನಮ್ಮ ಪಂಡಿತ್ ರವಿಶಂಕರ್ ಬಳಿ ಸಿತಾರ್ ಕಲಿತರು. 1967ರ ‘ಸಾರ್ಜೆಂಟ್ ಪೆಪ್ಪರ್ಸ್’ ಆಲ್ಬಮ್‌ನಲ್ಲಿ ಅವರ ಹಾಡಿಗೆ ತಂಬೂರಿ, ತಬಲಾ, ದಿಲ್‌ರುಬಾ ಜೊತೆಯಾದವು. ಹಳೆಯ ಧಾಟಿಗೇ ಅಂಟಿಕೊಂಡಿದ್ದರೆ ಇದೆಲ್ಲ ಎಲ್ಲಿ ಸಿಗುತ್ತಿತ್ತು?

ನಮ್ಮ ಜಿಲ್ಲೆಯವರ ಕಿವಿಗೆ ಇದು ಕಷ್ಟವೇನಲ್ಲ. ಭಾಗವತರು ಬದಲಾದರೆ ಅದೇ ಯಕ್ಷಗಾನ ಪದ್ಯ ಬೇರೆ ಥರ ಕೇಳಿಸುತ್ತದೆ. ಅದನ್ನು ಖುಷಿಯಿಂದಲೇ ಕೇಳುತ್ತೇವೆ, ಅಲ್ವಾ? ತಂಡದವರು ಎಷ್ಟೋ ದಿನ ದುಡಿದು ಮಾಡಿದ ಹಾಡನ್ನು ಒಂದೇ ಸಲ ಕೇಳಿ ಸುಮ್ನೆ ಬೈಯುವುದು ನಿಜಕ್ಕೂ ಬೇಸರದ ಸಂಗತಿ.

ಕಾರವಾರದ ಕಡಲತೀರದಲ್ಲಿ ಕರಾವಳಿ ಉತ್ಸವ ನಡೆಯುವಾಗ, ಬರುವ ತಂಡಗಳಿಂದ ಹಿಟ್ ಹಾಡುಗಳನ್ನಷ್ಟೇ ಕೇಳಬಾರದು. ಕನಿಷ್ಠ ಅರ್ಧ ಗಂಟೆಯನ್ನು ಅವರ ಹೊಸ ಹಾಡುಗಳಿಗೇ ಮೀಸಲಿಡಬೇಕು. ಕಾಲೇಜು ಹಬ್ಬಗಳಲ್ಲೂ ಹೀಗೇ ಮಾಡಬಹುದು.

– ಓರ್ವ ಓದುಗ, ಕಾರವಾರ